ಸಲಹೆ ಕೊಡದವರ ಕೂಟ

ಪಡೀಲಿನ ಯಶ್ಮಿತಾಳ ಬಾಯಿಗೆ ಹೆದರದವರು ಆ ರಸ್ತೆಯಲ್ಲಿ ಕಡಿಮೆ. ಒಮ್ಮೆ ಯೂನಿಫಾರಂ ಅಳತೆ ತೆಗೆಯಲು ಒಂದು ಶಾಲೆಗೆ ಹೋದಾಗ ಮಕ್ಕಳನ್ನು ಅಂಗಳದ ಬಿಸಿಲಿನಲ್ಲಿ ಸಾಲು ನಿಲ್ಲಿಸಿದ್ದರು. ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡು ಹೆಡ್‌ಮಾಸ್ಟರರ ಎದುರು ಹೋಗಿ, "ಮೊದಲು ಇವರನ್ನು ನೆರಳಿಗೆ ಕಳಿಸಿ ಸರ್. ನಾನು ಅಳತೆ ತೆಗೆಯುದು ಮಕ್ಕಳದ್ದು, ಧ್ವಜದ ಕಂಬದ್ದಲ್ಲ" ಎಂದಳು. ಆರ್ಡರು ಕೈತಪ್ಪಬಹುದಿತ್ತು, ತಪ್ಪಲಿಲ್ಲ. ಅವಳ ಹೊಲಿಗೆ ಅಷ್ಟು ಚೊಕ್ಕ.

ಅವಳ ಅಪ್ಪ ನೋಣಯ್ಯ ಎರಡು ಮುಡಿ ಭತ್ತ ಬಿತ್ತುವಷ್ಟು ಗದ್ದೆ ಬೇಸಾಯ ಮಾಡಿ, ಹೆದ್ದಾರಿ ಅಗಲವಾದಾಗ ಅದನ್ನು ಕಳೆದುಕೊಂಡು, ಕೊನೆಯ ಹನ್ನೆರಡು ವರ್ಷ ಒಂದು ಗೋದಾಮಿನ ಕಾವಲಿಗೆ ಕುಳಿತವನು. ಯಶ್ಮಿತಾ ಕಾಲೇಜನ್ನು ಎರಡನೇ ವರ್ಷಕ್ಕೆ ಬಿಟ್ಟು ಕಾನ್ವೆಂಟಿನ ಹೊಲಿಗೆ ತರಗತಿಗೆ ಸೇರಿದಳು. ಗಂಡ ರೋಷನ್ ಬಹರೈನಿನಲ್ಲಿ ಏಸಿ ರಿಪೇರಿಯವನು. ಎರಡು ವರ್ಷಕ್ಕೊಮ್ಮೆ ನಲವತ್ತು ದಿನಕ್ಕೆ ಮನೆಗೆ ಬರುತ್ತಾನೆ. ಉಳಿದ ದಿನಗಳನ್ನು ಕಳೆಯಲೆಂದು ಜಗಲಿಯಲ್ಲಿ ಇಟ್ಟ ಎರಡು ಹೊಲಿಗೆ ಮಿಷನ್ ಹದಿನೈದು ವರ್ಷದಲ್ಲಿ ಇಪ್ಪತ್ತೊಂದಾಗಿ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಉದ್ದ ಕೋಣೆಗೆ ಏರಿದವು. ಹತ್ತೊಂಬತ್ತು ಹೆಂಗಸರು, ಒಬ್ಬ ಕಟಿಂಗ್ ಮಾಸ್ಟರ್, ಹನ್ನೊಂದು ಶಾಲೆಗಳ ಯೂನಿಫಾರಂ.

ಹೊಲಿಗೆಯಿಂದ ಗಳಿಸಿದ್ದನ್ನು ಅವಳು ಬಾಯಿಯಿಂದ ಕಳೆಯುತ್ತಿದ್ದಳು. ಒಂದು ಏಪ್ರಿಲಿನಲ್ಲಿ, ಕೆಲಸ ತಲೆಯ ಮೇಲಿರುವಾಗ, ಕಾಲರ್ ಹೊಲಿಯುವುದರಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ನುಸೈಬಾ ಇನ್ನಿಬ್ಬರನ್ನು ಕರೆದುಕೊಂಡು ಹೊರಟುಹೋದಳು. "ನೀವು ಹೇಳುದು ಸರಿಯೇ ಇರ್ತದೆ ಅಕ್ಕ. ಆದ್ರೆ ಎಲ್ಲರ ಎದುರು ಹಾಗೆ ಹೇಳಿಸ್ಕೊಂಡು ಮನೆಗೆ ಹೋಗಿ ಮಕ್ಕಳ ಮುಖ ನೋಡ್ಲಿಕ್ಕೆ ಆಗುದಿಲ್ಲ" ಎಂದು ಮೆಟ್ಟಿಲಿನಲ್ಲಿ ನಿಂತು ಹೇಳಿದಳು. ಆ ದಿನ ಉಳಿದ ಕಾಲರುಗಳನ್ನು ಯಶ್ಮಿತಾ ತಾನೇ ಹೊಲಿದಳು.

ಆ ವಾರವೇ ಬೇಕರಿಯ ಎಲೇನ್ ಕೆಲಸದವರ ಏಪ್ರನ್ ಹೊಲಿಸಲು ಬಂದವಳು ಅವಳ ಮುಖ ನೋಡಿ, "ಒಮ್ಮೆ ನಮ್ಮ ಗ್ರೂಪಿಗೆ ಬಾ ಮಾರಾಯ್ತಿ. ಅಲ್ಲಿ ಎಲ್ಲರೂ ನಿನ್ನ ಹಾಗೆ, ಹೇಳ್ಕೊಳ್ಳಿಕ್ಕೆ ಜನ ಇಲ್ಲದವರೇ" ಎಂದು ಕರೆದುಕೊಂಡು ಹೋದಳು.

ಗ್ರೂಪ್ ಅಂದರೆ ಸ್ವಂತ ಉದ್ಯಮ ನಡೆಸುವ ಒಂಬತ್ತು ಜನ. ಒಬ್ಬರ ಕಸುಬು ಇನ್ನೊಬ್ಬರದ್ದಲ್ಲ. ಬೇಕರಿ, ಟಯರು, ಛಾಪಖಾನೆ, ಐಸ್ ಪ್ಲಾಂಟ್ ಹೀಗೆ. ಪ್ರತಿ ತಿಂಗಳ ಎರಡನೇ ಶನಿವಾರ ನಾಲ್ಕು ಗಂಟೆಗೆ ಕೊಟ್ಟಾರದ ಒಂದು ಹೋಟೆಲಿನ ಮಹಡಿಯಲ್ಲಿ ಸೇರುತ್ತಾರೆ. ನಡೆಸುವವರು ಡುಲ್ಸಿನ್ ಮೇಡಂ. ಒಂದು ದೊಡ್ಡ ಕಂಪೆನಿಯಲ್ಲಿ ನೌಕರರ ವಿಭಾಗ ನೋಡಿಕೊಂಡು ನಿವೃತ್ತರಾದವರು, ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೈಯಲ್ಲಿ ಗಡಿಯಾರ. ತಿಂಗಳಿಗೊಬ್ಬರು ತಮ್ಮ ಕಷ್ಟವನ್ನು ಮೇಜಿನ ಮೇಲೆ ಇಡಬೇಕು. ಮೊದಲ ಸುತ್ತಿನಲ್ಲಿ ಉಳಿದವರು ಪ್ರಶ್ನೆ ಮಾತ್ರ ಕೇಳಬೇಕು. ಎರಡನೇ ಸುತ್ತಿನಲ್ಲಿ ಅಂಥದ್ದೇ ಏನಾದರೂ ತಮಗೆ ಆಗಿದ್ದರೆ ಅದನ್ನು ಹೇಳಬೇಕು, ಆಗದಿದ್ದರೆ "ಪಾಸ್" ಎನ್ನಬೇಕು. "ನೀವು ಹೀಗೆ ಮಾಡಿ" ಎಂದು ಯಾರೂ ಯಾರಿಗೂ ಹೇಳಕೂಡದು. ಹೇಳಿದರೆ ಡುಲ್ಸಿನ್ ಪೆನ್ನಿನಿಂದ ನೀರಿನ ಗ್ಲಾಸಿಗೆ ಟಿಣ್ ಎಂದು ಬಡಿಯುತ್ತಾರೆ. ಕೊನೆಗೆ, ಕಷ್ಟ ಹೇಳಿಕೊಂಡವರು ತಾವು ಏನು ಮಾಡುತ್ತೇವೆ, ಯಾವ ತಾರೀಕಿಗೆ ಮಾಡುತ್ತೇವೆ ಎಂದು ತಾವೇ ಹೇಳಬೇಕು. ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಇದಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು. ಆ ಕೋಣೆಯಲ್ಲಿ ಆಡಿದ ಮಾತು ಗಂಡ, ಹೆಂಡತಿ, ಮಕ್ಕಳು, ಯಾರಿಗೂ ಹೋಗಬಾರದು. ಎಲೇನ್ ಬೇಕರಿ ಮಾರುವ ಯೋಚನೆಯಲ್ಲಿದ್ದಾಗ ಹಿಂದೆ ಗ್ರೂಪಿನಲ್ಲಿದ್ದ ಒಬ್ಬ ಅದನ್ನು ಯಾರದೋ ಮದುವೆ ಊಟದಲ್ಲಿ ಆಡಿದ್ದ. ಎಂಟು ದಿನದಲ್ಲಿ ಅವಳ ಇಬ್ಬರು ಹಳೆಯ ಬಾಣಸಿಗರು ಬೇರೆ ಕೆಲಸ ಹಿಡಿದರು. ಆಮೇಲೆ ಎಲ್ಲರೂ ಕಾಗದದ ಮೇಲೆ ಸಹಿ ಹಾಕಿದರು. ಯಶ್ಮಿತಾಳೂ ಹಾಕಿದಳು.

ಮೊದಲ ಮೂರು ತಿಂಗಳಲ್ಲಿ ಗ್ಲಾಸು ಅತಿ ಹೆಚ್ಚು ಟಿಣ್ ಎಂದದ್ದು ಅವಳಿಗೆ.

"ಯಶ್ಮಿತಾ ಬಂದ ಮೇಲೆ ಹೋಟೆಲಿನವರು ಸ್ಟೀಲಿನ ಗ್ಲಾಸ್ ಇಡುದು ಒಳ್ಳೆದು" ಎಂದು ತಮಾಷೆ ಮಾಡಿದವರು ಐಸ್ ಪ್ಲಾಂಟಿನ ಗಿರಿಯಪ್ಪ. ಅರವತ್ತು ದಾಟಿದವರು, ಬೆಂಗ್ರೆಯ ಮೀನುಗಾರರ ಮನೆಯವರು. ಹರೆಯದಲ್ಲಿ ದೋಣಿಗೆ ಹೋಗಿ, ನಂತರ ಬೋಟುಗಳು ತಂಗುವ ದಕ್ಕೆಯ ಬಳಿ ಅವುಗಳಿಗೆ ಮಂಜುಗಡ್ಡೆ ಒದಗಿಸುವ ಪ್ಲಾಂಟ್ ಹಾಕಿದವರು. ಮಗ ಯತಿನ್ ದೊಡ್ಡವನಾದ ಮೇಲೆ ದೇರೆಬೈಲಿನಲ್ಲಿ ಮನೆ ಕಟ್ಟಿಸಿದ್ದರು. ಹೆಂಡತಿ ಅಪ್ಪಿಗೆ ಆ ಮನೆಯಲ್ಲಿ ನಿದ್ದೆ ಬರುವುದಿಲ್ಲ, ಸಮುದ್ರದ ಶಬ್ದ ಇಲ್ಲ ಎಂಬ ತಕರಾರು.

ಯಶ್ಮಿತಾ ಕಲಿತಳು. ಹೇಳುವ ಬದಲು ಕೇಳಲು ಕಲಿತಳು. ನುಸೈಬಾಳ ಮನೆಗೆ ಹೋಗಿ, "ನೀನು ವಾಪಸು ಬರ್ಬೇಕಾದ್ರೆ ನನ್ನಲ್ಲಿ ಎಂತ ಬದಲಾಗ್ಬೇಕು?" ಎಂದು ಕೇಳಿದಳು. ನುಸೈಬಾ ನಾಲ್ಕು ಸಂಗತಿ ಹೇಳಿದಳು, ಮರುವಾರ ಬಂದಳು. ಕೊರೋನಾದಿಂದ ಶಾಲೆಗಳು ಮುಚ್ಚಿದ್ದ ಎರಡು ವರ್ಷ ಯೂನಿಫಾರಂ ಬಟ್ಟೆಯ ಥಾನುಗಳ ನಡುವೆ ಏನು ಮಾಡಲೂ ತೋಚದೆ ಕುಳಿತಿದ್ದಾಗ, ಅವಳು ಆ ಗ್ರೂಪಿನ ಎದುರು ಫೋನಿನ ಪರದೆಯಲ್ಲೇ ಅತ್ತಿದ್ದಳು. ಅತ್ತ ಸುದ್ದಿ ಹೊರಗೆ ಯಾರಿಗೂ ತಿಳಿಯಲಿಲ್ಲ. ಮೌನಕ್ಕೆ ಬೆಲೆಯಿದೆ ಎಂದು ಅವಳು ನಂಬಿದ್ದರೆ ಅದಕ್ಕೆ ಕಾರಣವಿತ್ತು.

ಈ ವರ್ಷ ಏಪ್ರಿಲಿನ ಎರಡನೇ ಶನಿವಾರ ಕಷ್ಟ ಹೇಳುವ ಸರದಿ ಗಿರಿಯಪ್ಪನವರದ್ದು. ಕಂಪ್ರೆಸರಿನ ಮಾತೋ ಯತಿನನ ಮಾತೋ ಬರುತ್ತದೆಂದು ಎಲ್ಲರೂ ಎಣಿಸಿದ್ದರು. ಅವರು ಶರ್ಟಿನ ಮೇಲಿನ ಬಟನ್ ಬಿಚ್ಚಿ, ನೀರು ಕುಡಿದು, "ನನ್ನ ಹಾರ್ಟಿನ ಮೂರು ಕಡೆ ಬ್ಲಾಕ್ ಉಂಟಂತೆ. ಆಪರೇಷನ್ ಆಗ್ಬೇಕಂತೆ. ಡಾಕ್ಟ್ರು ಹತ್ತು ದಿನದೊಳಗೆ ಬನ್ನಿ ಅಂತ ಹೇಳಿದ್ದಾರೆ. ಮನೆಯಲ್ಲಿ ಹೇಳಿಲ್ಲ" ಎಂದರು.

ಡುಲ್ಸಿನ್ ಗಡಿಯಾರ ನೋಡಿ, ಪ್ರಶ್ನೆ ಕೇಳಿ ಎಂದು ಕೈ ತೋರಿಸಿದರು.

ಪ್ರಶ್ನೆಯ ಸುತ್ತು ಶುರುವಾಯಿತು. ಯಾಕೆ ಹೇಳಿಲ್ಲ? ಅಪ್ಪಿಗೆ ಹೇಳಿದರೆ ಆ ಗಳಿಗೆಯೇ ಎಳೆದುಕೊಂಡು ಹೋಗುತ್ತಾಳೆ. ಹೋದರೆ ಏನು? ಹೋದರೆ ಪ್ಲಾಂಟ್ ಒಂದು ತಿಂಗಳು ನಿಲ್ಲುತ್ತದೆ. ಹಳೆಯ ಆಪರೇಟರ್ ಊರಿಗೆ ಹೋದವನು ಬಂದಿಲ್ಲ, ಆ ಕಂಪ್ರೆಸರಿನ ಸದ್ದು ಬದಲಾದರೆ ಗೊತ್ತಾಗುವುದು ತನಗೊಬ್ಬನಿಗೆ. ಜೂನ್ ಒಂದರಿಂದ ಎರಡು ತಿಂಗಳು ಮೀನುಗಾರಿಕೆಗೆ ರಜೆ. ಅದರ ಮೊದಲು, ಈ ಏಪ್ರಿಲ್ ಮೇ ತಿಂಗಳಲ್ಲಿ, ಬೋಟುಗಳು ಕೊನೆಯ ಟ್ರಿಪ್ಪುಗಳಿಗೆ ಓಡುತ್ತವೆ. ಈಗ ಐಸ್ ಇಲ್ಲ ಎಂದರೆ ಬೋಟಿನವರು ಬೇರೆ ಪ್ಲಾಂಟಿಗೆ ಹೋಗುತ್ತಾರೆ, ಆಗಸ್ಟಿನಲ್ಲಿ ತಿರುಗಿ ಬರುವುದಿಲ್ಲ.

"ಯತಿನ್?" ಎಂದು ಯಶ್ಮಿತಾ ಕೇಳಿದಳು.

"ಯತಿನ್ ಎರಡು ವರ್ಷದಿಂದ ಹೇಳ್ತಾ ಇದ್ದಾನೆ, ಇದನ್ನು ಕೋಲ್ಡ್ ಸ್ಟೋರೇಜಿನವರಿಗೆ ಕೊಟ್ಟುಬಿಡುವ ಅಂತ. ನನಗೆ ಹೀಗೆ ಉಂಟಂತ ಗೊತ್ತಾದ್ರೆ, ನಾನು ಆಸ್ಪತ್ರೆಯಿಂದ ಬರುವಾಗ ಪ್ಲಾಂಟ್ ಇರುದಿಲ್ಲ. ಅವನು ಕೆಟ್ಟವನಲ್ಲ. ನನ್ನ ಒಳ್ಳೆದಕ್ಕೆ ಅಂತಲೇ ಮಾರ್ತಾನೆ."

ಟಯರಿನ ವ್ಯಾಪಾರದ ಸಮದ್ ಕುರ್ಚಿಯ ಅಂಚಿಗೆ ಬಂದಿದ್ದ. "ಎಂತ ಮಾರಾಯ್ರೆ ಗಿರಿಯಣ್ಣ, ಐಸ್ ಹಾಳಾಗ್ಲಿ, ನೀವು ನಾಳೆಯೇ..."

ಟಿಣ್.

"ಸಮದ್" ಎಂದರು ಡುಲ್ಸಿನ್, ಮೆಲ್ಲಗೆ. "ಅನುಭವ ಇದ್ರೆ ಹೇಳಿ."

ಸಮದನಿಗೆ ಅಂಥ ಅನುಭವ ಇರಲಿಲ್ಲ. ಅವನ ಮನೆಯಲ್ಲಿ ಎಲ್ಲರೂ ಗಟ್ಟಿ. ಅವನು ಮೇಜು ನೋಡುತ್ತ "ಪಾಸ್" ಎಂದ. ಎಲೇನ್ ಪಾಸ್ ಎಂದಳು. ಛಾಪಖಾನೆಯವರು ತಮ್ಮ ಸಕ್ಕರೆ ಕಾಯಿಲೆಯ ಮಾತು ಹೇಳಿದರು, ಅದು ಇದಕ್ಕೆ ಹೊಂದುತ್ತಿರಲಿಲ್ಲ. ಯಶ್ಮಿತಾಳ ಸರದಿ ಬಂತು. ಅವಳಿಗೆ ಅನುಭವ ಇತ್ತು.

ಎರಡು ವರ್ಷದ ಹಿಂದೆ ಪಿತ್ತಕೋಶದಲ್ಲಿ ಕಲ್ಲೆಂದು ಡಾಕ್ಟರು ಕೂಡಲೇ ಆಪರೇಷನ್ ಹೇಳಿದ್ದರು. ಅದು ಮೇ ತಿಂಗಳು. ಯೂನಿಫಾರಂ ಕೊಡುವ ಕಾಲ. ಅವಳು ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು, ಎಣ್ಣೆ ಪದಾರ್ಥ ಬಿಟ್ಟು, ಐದು ವಾರ ತಳ್ಳಿ, ಶಾಲೆಗಳಿಗೆಲ್ಲ ಬಟ್ಟೆ ತಲುಪಿದ ಮೇಲೆ ಹೋಗಿ ಮಲಗಿದ್ದಳು. ಏನೂ ಆಗಲಿಲ್ಲ. ಇದನ್ನೇ ಹೇಳಿದಳು. ಆದದ್ದನ್ನು ಆದ ಹಾಗೆ, ಒಂದು ಶಬ್ದ ಸೇರಿಸದೆ, ಒಂದು ಶಬ್ದ ಬಿಡದೆ, ಗ್ರೂಪು ಕಲಿಸಿದ ಹಾಗೆ ಹೇಳಿದಳು. ಹೇಳುತ್ತಿರುವಾಗಲೇ ಗಿರಿಯಪ್ಪನವರ ಮುಖ ಸಡಿಲಾದದ್ದನ್ನು ನೋಡಿದಳು.

"ನೋಡಿ, ಯಶ್ಮಿತಾ ಐದು ವಾರ ತಳ್ಳಿದ್ರು" ಎಂದರು ಅವರು. "ನನ್ನದು ಏಳು ವಾರ. ಜೂನ್ ಎರಡಕ್ಕೆ ಅಡ್ಮಿಟ್ ಆಗ್ತೇನೆ. ಬರ್ಕೊಳ್ಳಿ."

ಹಾಗಲ್ಲ ಎನ್ನಲು ಅವಳು ಬಾಯಿ ತೆರೆದಳು. ಆದರೆ ಅವಳ ಸರದಿ ಮುಗಿದಿತ್ತು. ಡುಲ್ಸಿನ್ ಪುಸ್ತಕದಲ್ಲಿ ತಾರೀಕು ಬರೆದರು. ಎಂಟು ಜನ ಚಪ್ಪಾಳೆ ತಟ್ಟಿದರು. ಆ ಮೇಜಿನ ಸುತ್ತ ಇದ್ದದ್ದು ಬದುಕಿ ಉಳಿದವರ ಅನುಭವ ಮಾತ್ರ. ತಳ್ಳಿ ತಳ್ಳಿ ಸತ್ತವರು ಬಂದು ಕುರ್ಚಿಯಲ್ಲಿ ಕೂರುವುದಿಲ್ಲ. ಇದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಯಶ್ಮಿತಾ ಅವರಿಗೆ ಫೋನು ಮಾಡಿದಳು.

"ಗಿರಿಯಣ್ಣ, ನಿನ್ನೆ ನಾನು ಹೇಳಿದ್ದು ಕಲ್ಲಿನ ಕಥೆ. ನಿಮ್ಮದು ಹಾರ್ಟು. ಎರಡು ಒಂದೇ ಅಲ್ಲ."

"ಇದು ಪ್ರಶ್ನೆಯಾ, ಸಲಹೆಯಾ?" ಎಂದು ಅವರು ನಕ್ಕರು. ಹಿಂದೆ ಕಂಪ್ರೆಸರ್ ಗುಡುಗುಡು ಎನ್ನುತ್ತಿತ್ತು. "ಗ್ಲಾಸ್ ಇಲ್ಲದ್ದು ನಿಮ್ಮ ಅದೃಷ್ಟ."

"ತಮಾಷೆ ಬೇಡ. ಅಪ್ಪಿಯಕ್ಕನಿಗಾದ್ರೂ ಹೇಳಿ."

ಆಗ ಅವರ ದನಿ ಬದಲಾಯಿತು. "ಯಶ್ಮಿತಾ, ನಾನು ಇದನ್ನು ಹೇಳಿದ್ದು ಆ ಕೋಣೆಯಲ್ಲಿ. ಮನೆಗೆ ತಲುಪಿದ್ರೆ ನನಗೆ ಗೊತ್ತಾಗ್ತದೆ ಎಲ್ಲಿಂದ ಹೋಯ್ತು ಅಂತ. ನಿಮ್ಮ ಅಳುವನ್ನು ನಾನು ಎಲ್ಲಿಯೂ ಆಡಲಿಲ್ಲ, ಅಲ್ವಾ?"

ಅವಳು ಫೋನು ಇಟ್ಟಳು.

ಮೇ ತಿಂಗಳ ಮೊದಲ ವಾರ ಅಪ್ಪಿ ಬಂದರು. ಅವರ ತಂಗಿಯ ಮನೆ ಅಡ್ಯಾರಿನಲ್ಲಿ. ಅಲ್ಲಿಗೆ ಹೋಗುವಾಗ ಬಸ್ಸಿನಿಂದ ಪಡೀಲಿನಲ್ಲಿ ಇಳಿದು ಯಶ್ಮಿತಾಳಿಗೆ ಮೀನು ಕೊಟ್ಟು ಹೋಗುವುದು ಅವರ ಕ್ರಮ. ಗ್ರೂಪಿನ ವರ್ಷಕ್ಕೊಮ್ಮೆಯ ಊಟದಲ್ಲಿ ಶುರುವಾದ ಗೆಳೆತನ. ಅಲ್ಲಿ ಬಡಿಸುವವನು ತಂದ ಮೀನನ್ನು ಇಬ್ಬರೂ ಒಂದೇ ಸಲ ಮೂಸಿ, ಒಂದೇ ಸಲ ಬದಿಗೆ ಸರಿಸಿದ್ದರು. ಆ ದಿನ ಬಾಳೆಎಲೆಯಲ್ಲಿ ಸುತ್ತಿದ ಬಂಗುಡೆಯನ್ನು ಕಟಿಂಗ್ ಮೇಜಿನ ಮೇಲೆ ಇಡಲು ಹೋಗಿ, ಬಟ್ಟೆ ನೋಡಿ ಕೈ ಹಿಂದೆ ತೆಗೆದರು.

"ಬೇಡ ಬೇಡ, ಇಡೀ ಸ್ಕೂಲಿಗೆ ಮೀನಿನ ವಾಸನೆ ಬರ್ತದೆ" ಎಂದು ನಕ್ಕು, ಸ್ಟೂಲಿನ ಮೇಲೆ ಕುಳಿತರು. ನಗು ಅಲ್ಲಿಗೇ ನಿಂತಿತು. "ಯಶು, ಒಂದು ಕೇಳ್ತೇನೆ. ಇವರು ಸರಿ ಇಲ್ಲ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ತಾರೆ. ಎಂತ ಅಂದ್ರೆ ಚಪ್ಪಲಿ ಸರಿ ಮಾಡಿದ್ದು ಅಂತಾರೆ. ಎಷ್ಟು ಸಲ ಚಪ್ಪಲಿ ಸರಿ ಮಾಡುದು ಮನುಷ್ಯ? ನೀವು ತಿಂಗಳಿಗೊಮ್ಮೆ ಮೂರು ಗಂಟೆ ಕೂತು ಮಾತಾಡ್ತೀರಲ್ಲ. ಅಲ್ಲಿ ಎಂತಾದ್ರೂ ಹೇಳಿದ್ರಾ?"

ಯಶ್ಮಿತಾ ಕತ್ತರಿ ಎತ್ತಿ ಅದರ ಬಾಯಿಗೆ ಸಿಕ್ಕಿದ್ದ ನೂಲು ತೆಗೆದಳು. ಹತ್ತೊಂಬತ್ತು ಮಿಷನ್ ಓಡುತ್ತಿದ್ದವು. ಗ್ರೂಪಿಗೆ ಸೇರುವ ಮೊದಲಿನ ಯಶ್ಮಿತಾ ಆಗಿದ್ದರೆ ಅಪ್ಪಿಯವರ ಪ್ರಶ್ನೆ ಮುಗಿಯುವ ಮೊದಲೇ ಹೇಳಿಬಿಡುತ್ತಿದ್ದಳು.

"ಅಲ್ಲಿ ವ್ಯಾಪಾರದ ಮಾತು ಮಾತ್ರ ಅಪ್ಪಿಯಕ್ಕ" ಎಂದಳು. "ನೀವೇ ಒಮ್ಮೆ ಡಾಕ್ಟ್ರ ಹತ್ತಿರ ಕರ್ಕೊಂಡು ಹೋದ್ರೆ ಎಂತ?"

"ಕರೆದೆ. ಮೊನ್ನೆ ತಾನೇ ಬಿಪಿ ನೋಡಿಸಿದ್ದೇನೆ, ಎಲ್ಲ ಸರಿ ಉಂಟು ಅಂತ ಹೇಳಿದ್ರು." ಅಪ್ಪಿ ಎದ್ದರು. "ನಿನಗೆ ಗೊತ್ತಿದ್ರೆ ಹೇಳ್ತಿದ್ದಿ. ನಿನ್ನ ಬಾಯಿ ನನಗೆ ಗೊತ್ತಿಲ್ವಾ."

ಆ ಬಂಗುಡೆಯನ್ನು ಯಶ್ಮಿತಾ ನುಸೈಬಾಳಿಗೆ ಕೊಟ್ಟಳು.

ಮೇ ತಿಂಗಳ ಸಭೆಗೆ ಗಿರಿಯಪ್ಪ ಬಂದರು. ಶುರುವಿನಲ್ಲಿ ಎಲ್ಲರೂ ತಮ್ಮ ತಮ್ಮ ಕ್ಷೇಮ ಹೇಳುವಾಗ, "ಇನ್ನು ಇಪ್ಪತ್ತಮೂರು ದಿನ" ಎಂದರು. ಸಮದ್ ಮಾತ್ರ ನಗಲಿಲ್ಲ. ಹೋಗುವಾಗ ಗಿರಿಯಪ್ಪ ಮೆಟ್ಟಿಲಿನ ತಿರುವಿನಲ್ಲಿ ನಿಂತರು, ಕಂಬಿ ಹಿಡಿದು ಬಾಗಿ ಚಪ್ಪಲಿ ಸರಿ ಮಾಡಿಕೊಂಡರು. ಯಶ್ಮಿತಾ ಎರಡು ಮೆಟ್ಟಿಲು ಮೇಲಿದ್ದಳು. ಅವರು ಇಳಿದು ಹೋಗುವ ತನಕ ಅಲ್ಲೇ ನಿಂತಳು.

ಮೇ ಇಪ್ಪತ್ತೊಂದರಂದು ಬೆಳಿಗ್ಗೆ ಹನ್ನೊಂದು ಗಂಟೆಗೆ, ಬೋಟಿಗೆ ಐಸ್ ಪುಡಿಮಾಡಿ ತುಂಬಿಸುತ್ತಿದ್ದ ಕಡೆ ಗಿರಿಯಪ್ಪ ಕುಸಿದರು. ಕೆಲಸದವರು ಮೀನಿನ ಟೆಂಪೋದಲ್ಲೇ ಆಸ್ಪತ್ರೆಗೆ ಸಾಗಿಸಿದರು. ದಾರಿಯಲ್ಲೇ ಮುಗಿದಿತ್ತು. ಹೃದಯಾಘಾತ ಎಂದರು, ಮಾಮೂಲಾಗಿ ಎಲ್ಲರಿಗೂ ಹೇಳುವಂತೆ. ಹದಿಮೂರನೇ ದಿನದ ಉತ್ತರಕ್ರಿಯೆ ಜೂನ್ ಎರಡಕ್ಕೆ ಬಂತು. ಡುಲ್ಸಿನ್ ಅವರ ಪುಸ್ತಕದಲ್ಲಿ ಆ ತಾರೀಕಿನ ಎದುರು ಅಡ್ಮಿಟ್ ಎಂದು ಬರೆದಿತ್ತು.

ದೇರೆಬೈಲಿನ ಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಗ್ರೂಪಿನ ಎಂಟು ಜನರೂ ಒಟ್ಟಾಗಿ ಹೋಗಿ ಒಟ್ಟಾಗಿ ಕುಳಿತರು. ಯತಿನ್ ತಲೆ ಬೋಳಿಸಿಕೊಂಡು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. ಇಪ್ಪತ್ತೆಂಟು ವರ್ಷದವನು. "ಹಿಂದಿನ ದಿನ ನಾನು ಜಗಳ ಮಾಡಿದ್ದೆ. ಪ್ಲಾಂಟ್ ಕೊಡುವ ಅಂತ. ಜೋರಾಗಿ ಹೇಳಿದೆ. ಮರುದಿನವೇ ಹೀಗಾಯ್ತು." ಕೇಳಿದವರು ಹಾಗೆಲ್ಲ ಎಣಿಸಬಾರದು ಎಂದು ಭುಜ ತಟ್ಟಿ ಊಟಕ್ಕೆ ಸರಿಯುತ್ತಿದ್ದರು. ಯಶ್ಮಿತಾಳಿಗೂ ಹೇಳಿದ. ಅವಳು ಭುಜ ತಟ್ಟಲಿಲ್ಲ. ಅವಳ ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೆಯೇ ಉಳಿಯಿತು.

ಜೂನ್ ಸಭೆಯಲ್ಲಿ ಒಂಬತ್ತನೇ ಕುರ್ಚಿಯನ್ನು ಹೋಟೆಲಿನವರು ಎಂದಿನಂತೆ ಹಾಕಿದ್ದರು. ಎಲ್ಲರೂ ಎದ್ದು ನಿಂತು ಗಿರಿಯಪ್ಪನವರಿಗಾಗಿ ಪ್ರಾರ್ಥನೆ ಮಾಡಿದರು. ಬಳಿಕ ಯಶ್ಮಿತಾ, "ಮನೆಯವರಿಗೆ ಹೇಳ್ಬೇಕು. ಆ ಹುಡುಗ ತಾನೇ ಕೊಂದದ್ದು ಅಂತ ಎಣಿಸಿದ್ದಾನೆ" ಎಂದಳು.

ಡುಲ್ಸಿನ್ ಪೆನ್ನನ್ನು ಗ್ಲಾಸಿನಿಂದ ದೂರ ಇಟ್ಟರು. ಅವರೂ ಆ ಮೂರು ವಾರದಲ್ಲಿ ಇಳಿದುಹೋಗಿದ್ದರು. "ಮನುಷ್ಯ ಹೋದ ಅಂತ ಅವನ ಮಾತು ನಮ್ಮದಾಗುದಿಲ್ಲ ಯಶ್ಮಿತಾ. ಅವರು ಹೇಳ್ಬೇಡಿ ಅಂತ ಹೇಳಿ ಹೋದದ್ದು. ನಾವು ಒಮ್ಮೆ ಹೇಳಿದ್ರೆ ಇನ್ನು ಈ ಕೋಣೆಯಲ್ಲಿ ಯಾರು ಬಾಯಿ ತೆರೀತಾರೆ?"

"ನಾವು ಎಂಟು ಜನ ಬಾಯಿ ತೆರೆಯದೆ ಒಬ್ಬ ಹೋದ" ಎಂದ ಸಮದ್. "ಅವತ್ತು ನನಗೆ ಅನುಭವ ಇರ್ಲಿಲ್ಲ. ಪಾಸ್ ಅಂದೆ. ಇವತ್ತು ನನಗೆ ಅನುಭವ ಉಂಟು ಮೇಡಂ."

ಯಾರೂ ಗ್ಲಾಸು ಬಡಿಯಲಿಲ್ಲ. ಎಲೇನ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವಳ ಬೇಕರಿಯಿಂದಾಗಿಯೇ ಬಿಗಿಯಾದ ನಿಯಮವದು. ಯಶ್ಮಿತಾ ಎದ್ದು, ಕೈಚೀಲ ತೆಗೆದುಕೊಂಡು ಇಳಿದು ಬಂದಳು. ಮತ್ತೆ ಆ ಮಹಡಿಗೆ ಹೋಗಲಿಲ್ಲ.

ಮರುದಿನ ಭಾನುವಾರ ಅವಳು ದೇರೆಬೈಲಿಗೆ ಹೋದಾಗ ಅಪ್ಪಿ ಒಬ್ಬರೇ ಚಾವಡಿಯಲ್ಲಿ ಕುಳಿತಿದ್ದರು. ಯತಿನ್ ಒಳಗೆ ಮಲಗಿದ್ದ. ಮಾತಿಗೆ ಮೊದಲೇ ಅಪ್ಪಿ ಕಪಾಟಿನಿಂದ ಒಂದು ನೀಲಿ ಫೈಲು ತಂದು ಅವಳ ಮಡಿಲಿನಲ್ಲಿ ಇಟ್ಟರು.

"ಪ್ಲಾಂಟಿನ ಮೇಜಿನಲ್ಲಿ ಸಿಕ್ಕಿತು. ಇಂಗ್ಲಿಷಿನಲ್ಲಿ ಉಂಟು. ಯತಿನಿಗೆ ತೋರಿಸ್ಲಿಕ್ಕೆ ಧೈರ್ಯ ಬರ್ಲಿಲ್ಲ. ಓದು."

ಏಪ್ರಿಲ್ ನಾಲ್ಕರ ತಾರೀಕು. ಹೃದಯದ ಚಿತ್ರ, ಮೂರು ಕಡೆ ಗುರುತು, ಕೆಳಗೆ ತುರ್ತಾಗಿ ಆಪರೇಷನ್ ಆಗಬೇಕೆಂಬ ಸಾಲು. ಯಶ್ಮಿತಾ ಓದಿ ಅರ್ಥ ಹೇಳಿದಳು. ಅಷ್ಟು ಹೇಳಿ ಫೈಲು ಮುಚ್ಚಿದ್ದರೆ ಸಾಕಿತ್ತು. ನಿಯಮವೂ ಮುರಿಯುತ್ತಿರಲಿಲ್ಲ, ಸತ್ಯವೂ ಮನೆಗೆ ತಲುಪುತ್ತಿತ್ತು. ಅಪ್ಪಿ ಅವಳ ಮುಖವನ್ನೇ ನೋಡುತ್ತಿದ್ದರು.

"ನನಗೆ ಗೊತ್ತಿತ್ತು ಅಪ್ಪಿಯಕ್ಕ" ಎಂದಳು. "ನೀವು ಬಂಗುಡೆ ತಂದ ದಿನ ನನಗೆ ಗೊತ್ತಿತ್ತು."

ಅಪ್ಪಿ ಕೂಗಾಡಲಿಲ್ಲ. "ಅಲ್ಲಿ ಹೇಳಿದ್ರಾ ಅವರು?"

"ಹೇಳಿದ್ರು."

"ನೀವೆಲ್ಲ ಎಂತ ಹೇಳಿದ್ರಿ?"

"ಪ್ರಶ್ನೆ ಕೇಳಿದೆವು."

"ಪ್ರಶ್ನೆ." ಅಪ್ಪಿ ಆ ಶಬ್ದವನ್ನು ಕೆಟ್ಟ ಮೀನನ್ನು ಮುಟ್ಟಿ ನೋಡಿದ ಹಾಗೆ ನೋಡಿದರು. "ಓದಿದವರು ಅಷ್ಟು ಜನ ಕೂತು ಪ್ರಶ್ನೆ ಕೇಳಿದ್ರಿ. ದಕ್ಕೆಯಲ್ಲಿ ಬುಟ್ಟಿ ಹೊರುವವಳ ಹತ್ತಿರ ಹೇಳಿದ್ದಿದ್ರೂ, ಏ ಮಂಗ, ಎದ್ದು ಹೋಗು ಅಂತ ಬೈತಿದ್ಲು."

ಯಶ್ಮಿತಾ ತನ್ನ ಪಿತ್ತಕೋಶದ ಕಥೆಯನ್ನೂ ಹೇಳಿದಳು. ಐದು ವಾರ, ಏಳು ವಾರ, ಚಪ್ಪಾಳೆ, ಎಲ್ಲ. ಹೇಳುವುದು ಕಷ್ಟವಾಯಿತು, ಆದರೂ ಪೂರ್ತಿ ಹೇಳಿದಳು. ಅಪ್ಪಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ಕೇಳಿದರು.

"ನನಗೆ ಹೇಳಿದ್ರೆ ಕೈ ಹಿಡಿದು ಎಳ್ಕೊಂಡು ಹೋಗ್ತಿದ್ದೆ" ಎಂದರು ಕಡೆಗೆ. "ಅದು ಅವರಿಗೆ ಗೊತ್ತಿತ್ತು. ಅದಕ್ಕೇ ನನಗೆ ಹೇಳ್ಲಿಲ್ಲ. ಎಳಿಯದವರನ್ನು ಹುಡುಕಿ ಹೇಳಿದ್ರು."

ಕೋಣೆಯ ಬಾಗಿಲಿನಲ್ಲಿ ಯತಿನ್ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಬಂದು ಫೈಲು ತೆಗೆದುಕೊಂಡು ತಾರೀಕು ನೋಡಿದ, ಬೆರಳಲ್ಲಿ ದಿನ ಎಣಿಸಿದ. ಅವನ ಮುಖದಲ್ಲಿ ಏನೋ ಒಂದು ಕ್ಷಣ ಸಡಿಲವಾದಂತೆ ಕಂಡಿತು. ಜಗಳಕ್ಕೆ ಎಷ್ಟೋ ವಾರ ಮೊದಲೇ ಕಾಯಿಲೆ ಇತ್ತು.

"ಅಪ್ಪ ನಮಗೆ ಯಾಕೆ ಹೇಳ್ಲಿಲ್ಲ ಆಂಟಿ? ಅಮ್ಮ ಎಳ್ಕೊಂಡು ಹೋಗ್ತಾರೆ ಸರಿ. ನನಗೆ ಯಾಕೆ ಹೇಳ್ಲಿಲ್ಲ?"

ಯಶ್ಮಿತಾ ಎಲ್ಲವನ್ನೂ ಹೇಳುವುದೆಂದು ಮನೆಯಿಂದ ಹೊರಟವಳು. ಬಾಯಿಗೆ ಹಾಕಿದ್ದ ಬೀಗವನ್ನು ಒಮ್ಮೆ ತೆಗೆದ ಮೇಲೆ ಎಲ್ಲಿ ನಿಲ್ಲಿಸಬೇಕೆಂಬುದು ಅವಳಿಗೆ ತಿಳಿಯಲಿಲ್ಲ.

"ನೀನು ಪ್ಲಾಂಟ್ ಮಾರ್ತಿ ಅಂತ ಅವರಿಗೆ ಹೆದರಿಕೆ ಇತ್ತು" ಎಂದಳು. "ನೀನು ಕೆಟ್ಟವನಲ್ಲ ಅಂತಲೂ ಹೇಳಿದ್ರು."

ಎರಡನೇ ಮಾತು ಅವನ ಕಿವಿಗೆ ಬೀಳಲಿಲ್ಲ. ಅವನು ಫೈಲನ್ನು ಕಪಾಟಿನಲ್ಲಿ ಇಟ್ಟು, ಅದು ಮುಚ್ಚಿದೆಯೋ ಎಂದು ಎರಡು ಸಲ ಎಳೆದು ನೋಡಿದ. ಅಪ್ಪಿ ಎದ್ದು ಒಳಗೆ ಹೋದರು. ಹೋಗಿ ಬರುತ್ತೇನೆ ಎಂದು ಹೇಳಲು ಯಶ್ಮಿತಾ ಸ್ವಲ್ಪ ಹೊತ್ತು ಕಾದಳು. ಅವರು ಹೊರಗೆ ಬರಲಿಲ್ಲ.

ಗೇಟಿನ ತನಕ ಬಂದವನು ಯತಿನ್. ಮಳೆ ಬರುವಂತಿತ್ತು. ರಿಕ್ಷಾ ನಿಲ್ಲಿಸಿ, ಬಾಗಿ, "ಅಮ್ಮನಿಗೆ ಮೇ ತಿಂಗಳಲ್ಲಿ ಹೇಳ್ಬೇಕಿತ್ತು ನೀವು" ಎಂದ. "ನನಗೆ ಇವತ್ತು ಹೇಳ್ಬಾರದಿತ್ತು." ದನಿಯಲ್ಲಿ ಸಿಟ್ಟಿರಲಿಲ್ಲ. ರಿಕ್ಷಾದವನಿಗೆ ಪಡೀಲ್ ಎಂದು ಅವನೇ ಹೇಳಿದ.

ಅಪ್ಪಿ ಈಗಲೂ ಅಡ್ಯಾರಿಗೆ ಹೋಗುತ್ತಾರೆ. ಬಸ್ಸು ಪಡೀಲಿನಲ್ಲಿ ನಿಲ್ಲುತ್ತದೆ, ಹೊರಡುತ್ತದೆ. ಯಶ್ಮಿತಾಳ ಕೋಣೆಯ ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತದೆ.

ಆಗಸ್ಟ್ ಒಂದಕ್ಕೆ ಬೋಟುಗಳು ಕಡಲಿಗೆ ಇಳಿದವು. ಯತಿನ್ ಪ್ಲಾಂಟ್ ಮಾರಲಿಲ್ಲ. ಕೋಲ್ಡ್ ಸ್ಟೋರೇಜಿನವರು ಎರಡು ಸಲ ಬಂದು ಹೋದರು. ಅವನು ಬೆಳಿಗ್ಗೆ ಐದಕ್ಕೆ ಹೋಗಿ ಅಪ್ಪನ ಕುರ್ಚಿಯಲ್ಲಿ ಕುಳಿತು ಕಂಪ್ರೆಸರಿನ ಸದ್ದಿಗೆ ಕಿವಿ ಕೊಡುತ್ತಾನೆ. ಅದರ ಸದ್ದು ಸರಿಯೋ ತಪ್ಪೋ ಅವನಿಗೆ ಗೊತ್ತಾಗುವುದಿಲ್ಲ. ಕಳೆದ ತಿಂಗಳು ಎರಡು ಸಲ ಕೆಟ್ಟು ನಿಂತಿತು. ದಕ್ಕೆಯಲ್ಲಿ ಜನ, ಮಗ ಅಂದರೆ ಹೀಗಿರಬೇಕು, ಅಪ್ಪ ಕಟ್ಟಿದ್ದನ್ನು ಬಿಡಲಿಲ್ಲ ನೋಡಿ ಎನ್ನುತ್ತಾರೆ. ಅವನಿಗೆ ಬಿಡಲು ಯಾಕೆ ಆಗುವುದಿಲ್ಲ ಎಂಬುದು ಗೊತ್ತಿರುವವರು ಮೂವರು. ಅವರಲ್ಲಿ ಇಬ್ಬರು ಒಂದೇ ಮನೆಯಲ್ಲಿದ್ದಾರೆ, ಮೂರನೆಯವಳೊಡನೆ ಮಾತಿಲ್ಲ.